ಗಿರಿಜಮ್ಮನ ಮೇಲಿನ ಖಾನೆ

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಪುಸ್ತಕಗಳ ಕಬ್ಬಿಣದ ರ‍್ಯಾಕು ಗೋಡೆ ಬಿಟ್ಟು ಮುಂದಕ್ಕೆ ವಾಲಿತು. ಅದಕ್ಕೆ ಬೆನ್ನು ಕೊಟ್ಟು ನಿಂತ ಗಿರಿಜಮ್ಮ ಆಗಲೂ ಬೈಯುತ್ತಲೇ ಇದ್ದರು.

"ಇಳಿಯೇ ಮೂದೇವಿ. ನನ್ ತಲೆ ಮೇಲೆ ಕಾಲಿಟ್ಟಾದ್ರೂ ಇಳಿ."

ಮೇಲಿನ ಖಾನೆಗೆ ನೇತುಬಿದ್ದಿದ್ದವಳು ಎಂಟು ವರ್ಷದ ನಂದಿನಿ. ನಾನು ಅವಳ ಸೊಂಟ ಹಿಡಿದು ಎಳೆದುಕೊಂಡೆ. ರ‍್ಯಾಕು ಗಿರಿಜಮ್ಮನ ಭುಜ ಮುರಿದು ನೆಲಕ್ಕೆ ಬಿತ್ತು. ಆ ಸದ್ದು ಎಷ್ಟೋ ರಾತ್ರಿ ನನ್ನನ್ನು ಎಬ್ಬಿಸಿ ಕೂರಿಸಿದೆ.

ಭದ್ರಾವತಿಯ ಜನ್ನಾಪುರದಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಮಕ್ಕಳ ಓದುಕೋಣೆಗೆ ಗಿರಿಜಮ್ಮನೇ ಎಲ್ಲ. ಕಥೆಗಳಲ್ಲಿ ಮಕ್ಕಳು ಗ್ರಂಥಾಲಯ ಬಳಸುವುದಕ್ಕೂ ನಿಜವಾದ ಮಕ್ಕಳು ಪುಸ್ತಕ ಹುಡುಕುವುದಕ್ಕೂ ಇರುವ ವ್ಯತ್ಯಾಸ ನನ್ನ ಸಂಶೋಧನೆಯ ವಿಷಯ. ಹಾಗಾಗಿ ದಿನವೂ ಅಲ್ಲಿ ಹೋಗಿ ಕೂತು ಅವರ ಬಾಯಿಗೆ ಸಿಗುತ್ತಿದ್ದೆ.

"ನಿಮ್ ಕಥೇಲಿ ಲೈಬ್ರರಿಯವಳು ಯಾವಾಗ್ಲೂ ರಾಕ್ಷಸಿ. ಮಗು ಬರುತ್ತೆ, ಒಂದೇ ಪುಸ್ತಕ ತೆಗೆಯುತ್ತೆ, ಅದರಲ್ಲೇ ಗುಟ್ಟು ಸಿಗುತ್ತೆ. ಇಲ್ ನೋಡು ಮಾರಾಯ್ತಿ. ಈ ಮಕ್ಕಳು ನನ್ನೇನೂ ಕೇಳಲ್ಲ. ಪಕ್ಕದವನ ಕೈಲಿ ಏನಿದ್ಯೋ ಅದೇ ಬೇಕು."

ಸುಮ್ಮನೆ ಸುಳಿದಾಡುವ ಮಗುವಿನ ಕೈಗೆ ಪುಸ್ತಕ ತುರುಕಿ, "ಹರಿದ್ರೆ ಕೈ ಮುರೀತೀನಿ" ಎನ್ನುವುದು ಅವರ ಶಿಫಾರಸು. ಬಹಳ ಸಲ ಆ ಪುಸ್ತಕ ಮಗುವಿಗೆ ಒಪ್ಪುತ್ತಿತ್ತು. ಕೆಲವು ಸಲ ಮಗು ಅಳುತ್ತಿತ್ತು.

ಹರಿದ ಪುಸ್ತಕಗಳನ್ನು ಅವರು ಬೈಂಡಿಂಗಿಗೆಂದು ಮೇಲಿನ ಖಾನೆಗೆ ಹಾಕುತ್ತಿದ್ದರು. ಹರಿದದ್ದೆಂದರೆ ಎಲ್ಲರೂ ಓದಿದ್ದು, ಎಲ್ಲರೂ ಓದಿದ್ದೆಂದರೆ ಒಳ್ಳೆಯದು ಎಂಬುದು ಮಕ್ಕಳ ಲೆಕ್ಕ. ನಂದಿನಿ ಓದಿದ ಕಥೆಗಳಲ್ಲೂ ಮಾಯದ ಪುಸ್ತಕ ಕೈಗೆಟುಕದ ಕಡೆಯೇ ಇರುತ್ತಿತ್ತು. ಹಾಗಾಗಿ ಆ ಸಂಜೆ ಅವಳು ಹತ್ತಿದಳು.

ಮರುದಿನ ಅಪ್ಪ ಅಮ್ಮಂದಿರು ಬಾಗಿಲಲ್ಲಿ ಸೇರಿದರು. ವೆಲ್ಡಿಂಗ್ ಕೆಲಸದ ನಂದಿನಿಯ ಅಪ್ಪ ಕಿಟಕಿ ಗಾಜು ಒಡೆದ. "ಮಕ್ಕಳನ್ನ ಸಾಯ್ಸಕ್ಕೆ ಇಟ್ಕೊಂಡಿದೀರೇನ್ರಿ ಇದನ್ನ? ಬೀಗ ಹಾಕ್ರಿ." ಟ್ರಸ್ಟಿನವರ ಕೈಯಲ್ಲಿ ಬೀಗ ಸಿದ್ಧವಾಗಿತ್ತು.

ಕೈಯನ್ನು ಕುತ್ತಿಗೆಗೆ ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಸಿಕೊಂಡು ಗಿರಿಜಮ್ಮ ಆಟೋದಿಂದ ಇಳಿದರು. ಯಾರ ಎದುರೂ ತಗ್ಗಿದವರಲ್ಲ.

"ತಪ್ಪು ನಂದು. ರ‍್ಯಾಕಿಗೆ ಬೋಲ್ಟ್ ಇಲ್ಲ ಅಂತ ಗೊತ್ತಿದ್ದೂ ಹರಿದಿದ್ದೆಲ್ಲ ಮೇಲಿಟ್ಟೆ. ನನ್ನ ಕಳ್ಸಿ. ರೂಮಿಗೆ ಬೀಗ ಹಾಕಿದ್ರೆ ಮಾತ್ರ ನಾನು ಇಲ್ಲಿಂದ ಏಳಲ್ಲ." ಹೊಸ್ತಿಲ ಮೇಲೆ ಕೂತೇಬಿಟ್ಟರು.

"ನಾಟಕ" ಎಂದ ನಂದಿನಿಯ ಅಪ್ಪ.

"ಹೌದು ಕಣಯ್ಯ, ಭುಜ ಮುರ್ಕೊಂಡು ಆಡ್ತಿದೀನಿ."

ಯಾರೂ ನಗಲಿಲ್ಲ. ಸಂಜೆ ಹೊತ್ತಿಗೆ ತೀರ್ಮಾನವಾಯಿತು: ರ‍್ಯಾಕುಗಳನ್ನು ಕತ್ತರಿಸಿ, ಗಿಡ್ಡ ಮಾಡಿ, ಗೋಡೆಗೆ ಬಿಗಿಯುವುದು, ಗಿರಿಜಮ್ಮನನ್ನು ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಟ್ರಸ್ಟಿನ ಗೋದಾಮಿಗೆ ಕಳಿಸುವುದು. ಅಲ್ಲಿಗೆ ಮಕ್ಕಳು ಬರುವುದಿಲ್ಲ.

ಗೋದಾಮಿಗೆ ಅವರನ್ನು ನೋಡಲು ಹೋದೆ. ಹಳೆಯ ಪೇಪರ್ ಕಟ್ಟುಗಳ ನಡುವೆ ಒಂದೇ ಕೈಯಲ್ಲಿ ದಾರ ಬಿಗಿಯುತ್ತಿದ್ದರು. ಕೂರು ಎನ್ನಲಿಲ್ಲ.

"ಆ ಹುಡುಗಿ ಬರ್ತಾಳಾ?"

"ಇಲ್ಲ ಗಿರಿಜಮ್ಮ. ಅವರಪ್ಪ ಬಿಡಲ್ಲ."

"ಮತ್ತೆ ನನ್ ಮುಖ ನೋಡಕ್ಕೆ ಯಾಕ್ ಬಂದೆ? ಆ ರೂಮಿಗ್ ಹೋಗಿ ಮಕ್ಕಳ ಹತ್ರ ಕೂತ್ಕೋ."

ಅದೇ ಕೊನೆಯ ಭೇಟಿ. ಆಮೇಲೆ ಅವರು ಕೆಲಸ ಬಿಟ್ಟರು. ಎಲ್ಲಿಗೆ ಹೋದರೋ ತಿಳಿಯಲಿಲ್ಲ.

ನಾನು ಓದುಕೋಣೆಯಲ್ಲಿ ಕೂತಿದ್ದ ಒಂದು ಶನಿವಾರ ನಂದಿನಿಯ ಅಪ್ಪ ಒಳಗೆ ನುಗ್ಗಿದ. ನನ್ನನ್ನು ಮಾತಾಡಿಸದೆ ಒಂದೊಂದೇ ರ‍್ಯಾಕನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಯಾವುದೂ ಅಲುಗಲಿಲ್ಲ. ಹೊರಗೆ ಹೋಗಿ ಮಗಳ ಬೆನ್ನು ತಟ್ಟಿ ಒಳಗೆ ಬಿಟ್ಟ. ಅವಳು ಹರಿದ ಪುಸ್ತಕವೊಂದನ್ನು ಆರಿಸಿಕೊಂಡು ನನಗೆ ಬೆನ್ನು ಮಾಡಿ ಕೂತಳು.

ಅಂದು ರಾತ್ರಿ ಆ ಸದ್ದು ನನ್ನನ್ನು ಎಬ್ಬಿಸಲಿಲ್ಲ; ಮಲಗಿದವಳು ಹಾಲಿನವನು ಬಾಗಿಲು ಬಡಿದಾಗಲೇ ಎದ್ದೆ.