ಮೈಲುತುತ್ತದೊಳಗಿನ ನೀರು

ಸಾಂಕೋಲೆಯ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಸುಂದರವ್ವ ಏಳು ವರ್ಷ ಬಾಟಲಿ ತೊಳೆದಳು. ವಿಜಾಪುರದಲ್ಲಿ ಪಿಯುಸಿ ಸೈನ್ಸ್ ಪಾಸಾದ ತಿಂಗಳಲ್ಲೇ ಮದುವೆ ಮಾಡಿ ಅವಳನ್ನು ಗೋವೆಯ ಮಂಗೋರ್ ಹಿಲ್‌ಗೆ ಕಳಿಸಿದ್ದರು.

1992ರಲ್ಲಿ ಲ್ಯಾಬ್ ಅಸಿಸ್ಟೆಂಟ್ ಹುದ್ದೆ ಖಾಲಿಯಾಯಿತು. ಪಿಯುಸಿ ಆದವರು ಪರೀಕ್ಷೆಗೆ ಕೂರಬಹುದು, ಹುದ್ದೆ ಒಂದೇ. ಸುಂದರವ್ವ ಧಾತುಗಳ ತೂಕದ ಪಟ್ಟಿಯನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಿ, ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದಳು. ಆ ಮನೆಯಲ್ಲಿ ಅವಳ ಕೈಗಂತೂ ಬಿಡುವಿರಲಿಲ್ಲ. ಬಂದರಿನಲ್ಲಿ ಹಮಾಲಿ ಮಾಡುವ ಗಂಡ ಕಂಠೆಪ್ಪ ಪರೀಕ್ಷೆಯ ದಿನವೂ, "ಹೋಗೂದ ಹೋಗ್ತಿ, ಸಂಜೀದೂ ರೊಟ್ಟಿ ಬಡದಿಟ್ಟ ಹೋಗು" ಎಂದ. ಇಪ್ಪತ್ತೆರಡು ಬಡಿದಿಟ್ಟು ಹೋದಳು.

ಕೆಮಿಸ್ಟ್ ಖುರ್ಷಿದಾಬೇಗಂ ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ನೀಲಿ ಹರಳುಗಳ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಇದರ ಒಂದು ಮೋಲ್ ಎಷ್ಟು ಗ್ರಾಂ ತೂಗುತ್ತದೆ, ಬರೆಯಿರಿ ಎಂದರು. ತಾಮ್ರ ಅರವತ್ತಮೂರೂವರೆ, ಗಂಧಕ ಮೂವತ್ತೆರಡು, ನಾಲ್ಕು ಆಮ್ಲಜನಕಕ್ಕೆ ಅರವತ್ತನಾಲ್ಕು. ಪರೀಕ್ಷೆಗೆ ಬಂದಿದ್ದ ಉಳಿದ ಮೂವರು ಗಂಡಸರೂ ಕೂಡಿಸಿ 159.5 ಎಂದು ಬರೆದರು. ಸುಂದರವ್ವ ಬರೆದದ್ದು 249.5.

"ನಿಂದೊಂದ ಬ್ಯಾರೆ ಬಂದೈತಿ," ಎಂದರು ಖುರ್ಷಿದಾಬೇಗಂ. "ತಿದ್ಕೋತೀಯೇನವಾ?"

"ಇಲ್ರೀ ಬಾಯಾರ. ಹರಳಿನ್ಯಾಗ ಐದು ನೀರಿನ ಅಣು ಅದಾವ್ರಿ. ಒಂದಕ್ಕ ಹದಿನೆಂಟರಂಗ ತೊಂಬತ್ತು ಕೂಡ್ತೈತ್ರಿ."

ಆ ಮೂವರಲ್ಲೊಬ್ಬನಾದ ಸ್ಟೋರಿನ ಲಾಲಪ್ಪ ನಕ್ಕ. "ಮುಟ್ಟಿದ್ರ ಕೈ ಸೈತ ಹಸಿ ಆಗೂದಿಲ್ಲ. ನೀರು ಎಲ್ಲಿಂದ ತಂದೆಬೇ, ನಳದಿಂದೇನು?"

"ಕಾಣಲಿಲ್ಲಂದ್ರ ತೂಕ ಹೋಗ್ತೈತೇನು ಲಾಲಪ್ಪಣ್ಣ? ಗುಡ್ಡದ ಮ್ಯಾಲಿನ ಮನಿಗೆ ದಿನಾ ಎಂಟು ಕೊಡ ಹೊರ್ತೇನಿ. ಕುಡ್ಯಾವ್ರಿಗೆ ಅದರ ಭಾರ ಗೊತ್ತಿಲ್ಲ."

ಅಷ್ಟು ಹೇಳಿ, ಒಂದು ಚಿಟಿಕೆ ಹರಳನ್ನು ಗಾಜಿನ ನಳಿಕೆಗೆ ಹಾಕಿ ಉರಿಗೆ ಹಿಡಿದಳು. ನೀಲಿ ಬಣ್ಣ ಹೋಗಿ ಬಿಳಿ ಪುಡಿ ಉಳಿಯಿತು. ನಳಿಕೆಯ ಬಾಯಿಯ ಹತ್ತಿರ ಹನಿಗಳು ಕಟ್ಟಿದವು. ಲಾಲಪ್ಪ ಬಗ್ಗಿ ನೋಡಿ, "ಖರೇನ ಐತಲ್ಲ" ಎಂದ.

ಖುರ್ಷಿದಾಬೇಗಂ ಬಾಟಲಿಯ ಚೀಟಿಯ ಮೇಲೆ ಬೆರಳಿಟ್ಟರು. ಸೂತ್ರದ ಕೊನೆಗೆ ಐದು ನೀರು, 5H₂O, ಅಲ್ಲೇ ಅಚ್ಚಾಗಿತ್ತು. "ಎಲ್ಲಾರ ಕಣ್ಣಮುಂದನ ಇತ್ತು. ಸುಂದರವ್ವ, ಸೋಮವಾರದಿಂದ ನೀ ಅಸಿಸ್ಟೆಂಟ್," ಎಂದು ಅವಳ ಕೈಗೆ ಬಿಳಿ ಕೋಟು ಕೊಟ್ಟರು.

ಸುದ್ದಿ ಕೇಳಿದ ಕಂಠೆಪ್ಪ, "ಹಂಗಾರ ಇನ್ನ ಬಾಟ್ಲಿ ಯಾರು ತೊಳೀತಾರ?" ಎಂದ.

"ಆ ಜಾಗಾ ಖಾಲಿ ಐತ್ರಿ. ಅರ್ಜಿ ಹಾಕ್ತೀರೇನು?"

ಆ ಕೋಟು ಲ್ಯಾಬಿನೊಳಗೆ ಮಾತ್ರ ತೊಡುವಂಥದ್ದು. ಸೋಮವಾರ ಬೆಳಿಗ್ಗೆ ಸುಂದರವ್ವ ಅದನ್ನು ಮನೆಯಲ್ಲೇ ತೊಟ್ಟು, ಗುಂಡಿ ಹಾಕಿಕೊಂಡು, ಮಂಗೋರ್ ಹಿಲ್‌ನ ಅಷ್ಟೂ ಓಣಿಗಳನ್ನು ಹಾದು ಬಸ್ಸಿಗೆಂದು ಗುಡ್ಡ ಇಳಿದಳು.