ಮೂರನೇ ಸೀರೆಯ ಗಂಟು

ನಮ್ಮ ಚಿಕ್ಕಪ್ಪನ ಮನೆಯ ಹಜಾರದಲ್ಲಿ ದೇವರ ಪಟಗಳ ಸಾಲಿನಲ್ಲೇ ಒಂದು ಹೆಂಗಸಿನ ಫೋಟೋ ಇದೆ. ಬಿಚ್ಚಿದ ಕೂದಲು, ಮೂಗುತಿ, ಕಣ್ಣಲ್ಲಿ ಬೆಂಕಿ. ಹೊಸಬರು ಯಾವ ಅಮ್ಮನವರೋ ಎಂದು ಕೈಮುಗಿಯುವುದುಂಟು. ಅದು ಚಿಕ್ಕಪ್ಪ. ಯಸಳೂರಿನ ಸುತ್ತ ಪೌರಾಣಿಕ ನಾಟಕವೆಂದರೆ ರಾಣಿಯ ಪಾತ್ರ ಅವರದೇ. ತುಂಬಿದ ಸಭೆಯಲ್ಲಿ ಆ ರಾಣಿಯ ಸೀರೆ ಎಳೆಯುವ ಪಾತ್ರ ಪಕ್ಕದ ತೋಟದ ಮಾವನದು. ಎಳೆದಷ್ಟೂ ಸೀರೆ ಬರಬೇಕಲ್ಲ, ಅದಕ್ಕೆ ಚಿಕ್ಕಪ್ಪನದೇ ಒಂದು ವಿದ್ಯೆಯಿತ್ತು: ಒಂದರ ಮೇಲೊಂದು ಸೀರೆ ಸುತ್ತಿ, ತುದಿಗೆ ತುದಿ ಗಂಟು ಹಾಕಿ, ಆ ಗಂಟುಗಳನ್ನು ಎಡಸೊಂಟದ ನೆರಿಗೆಯೊಳಗೆ ಅಡಗಿಸುವುದು. ಮಾವ ಎಳೆಯುತ್ತಿದ್ದರು, ಚಿಕ್ಕಪ್ಪ ತಿರುಗುತ್ತಿದ್ದರು. ಜನ 'ಒನ್ಸ್ ಮೋರ್' ಎಂದು ಕೂಗಿದರೆ, ದೇವರು ಬಂದು ಕಾಪಾಡಿ ಹೋದ ಮೇಲೂ ಮತ್ತೆ ಮೊದಲಿಂದ ಎಳೆಯುತ್ತಿದ್ದರು.

ಇಂಥ ಘನ ಪರಂಪರೆಯ ಊರಿನ ಮಾನ, ಚಿಕ್ಕಪ್ಪನ ಮಗ ಟಿವಿಯಲ್ಲಿ ಸೀರೆ ಉಟ್ಟು ಬರುತ್ತಾನೆಂದು ತಿಳಿದ ದಿನ ಹೋಗಿಬಿಟ್ಟಿತು. ಅಣ್ಣ ಮಂಗಳೂರಿನಲ್ಲಿ ಮದುವಣಗಿತ್ತಿಯರಿಗೆ ಮೇಕಪ್ ಮಾಡುತ್ತಾನೆ. ಗಂಡಸರು ಹೆಣ್ಣುವೇಷದಲ್ಲಿ ಮಿಂಚುವ ಡ್ರ್ಯಾಗ್ ಸ್ಪರ್ಧೆಯೊಂದಕ್ಕೆ ಆಯ್ಕೆಯಾಗಿದ್ದ. ಅದರ ಪ್ರೋಮೋವನ್ನು ಯಾರೋ ಪುಣ್ಯಾತ್ಮರು ನಮ್ಮ ಆನೆ ಗ್ರೂಪಿಗೆ ಹಾಕಿದರು. ಆನೆ ಯಾರ ತೋಟದಲ್ಲಿದೆ, ಯಾವ ರಸ್ತೆ ದಾಟುತ್ತಿದೆ ಎಂದು ಎಚ್ಚರಿಸುವ ವಾಟ್ಸಾಪ್ ಗುಂಪು ಅದು. ಅಡ್ಮಿನ್ ಬೇರಾರೂ ಅಲ್ಲ, ಸೀರೆ ಎಳೆಯುವ ಮಾವ. ಕೂಡಲೇ ಬರೆದರು: 'ಇದು ಆನೆ ಗ್ರೂಪ್. ಬೇರೆ ಪ್ರಾಣಿಗಳ ವಿಷಯ ಹಾಕಬಾರದು.' ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು.

ಚಿಕ್ಕಪ್ಪ ಅದನ್ನು ಓದಿ ಫೋನು ಕವುಚಿಟ್ಟರು.

"ದೀಪಾವಳಿಗೆ ಮಗ ಬರ್ಬೋದು ತಾನೇ?" ಎಂದು ಚಿಕ್ಕಮ್ಮ ಕೇಳಿದರು.

"ಮೊದ್ಲು ನೋಡ್ತೀನಿ. ಆಮೇಲೆ ಹೇಳ್ತೀನಿ."

ಹೀಗೆ ಆ ಕಾರ್ಯಕ್ರಮಕ್ಕೆ ಇಬ್ಬರು ತೀರ್ಪುಗಾರರಾದರು. ಒಬ್ಬಳು ಸ್ಟುಡಿಯೋದಲ್ಲಿ ಕೂರುವ ಸಿನಿಮಾ ನಟಿ. ಇನ್ನೊಬ್ಬರು ತಮ್ಮ ಮನೆಯ ಹಜಾರದಲ್ಲಿ, ತಮ್ಮದೇ ಫೋಟೋದ ಕೆಳಗೆ.

ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಫಲಕಗಳು ನಮ್ಮನೆ ಅಟ್ಟದ ಮೇಲಿವೆ. ಆ ಧೈರ್ಯದಲ್ಲೇ ಭಾನುವಾರ ಸಂಜೆ ಮೊದಲ ಸಂಚಿಕೆ ನೋಡಲು ಚಿಕ್ಕಪ್ಪನ ಮನೆಗೆ ಹೋದೆ. ಅದನ್ನು ಊರೇ ಬಹಿಷ್ಕರಿಸಬೇಕೆಂದು ಕರೆ ಕೊಟ್ಟಿದ್ದ ಮಾವ ನನಗಿಂತ ಮೊದಲೇ ಬಂದು, ಒಳ್ಳೆಯ ಕುರ್ಚಿ ಹಿಡಿದು, ಕಾಫಿ ಕುಡಿಯುತ್ತಿದ್ದರು.

"ನಮ್ ಸಂಸ್ಕೃತಿ ಎಲ್ಲಿಗ್ ಬಂತು ನೋಡವ್ವ," ಎಂದರು.

"ಮಾವ, ಒಂದೇ ಪ್ರಶ್ನೆ. ಗಂಡಸು ಸೀರೆ ಉಡೋದು ಸಂಸ್ಕೃತಿಗೆ ವಿರುದ್ಧ. ಉಟ್ಟ ಗಂಡಸಿನ ಸೀರೆ ಎಳೆಯೋದು?"

"ಅದು ನಾಟ್ಕ ಕಣವ್ವ!"

"ಇದೇನು, ಗ್ರಾಮಸಭೆಯಾ?"

"ನಾವು ದೇವ್ರ ಕಥೆ ಆಡ್ತಿದ್ವಿ."

"ದೇವರ ಕಥೆಯಲ್ಲಿ ನಿಮ್ಮ ಪಾತ್ರ ಯಾವ್ದು ಅಂತ ಮರೆತುಬಿಟ್ರಾ?"

ಚಿಕ್ಕಪ್ಪ ನಗಲಿಲ್ಲ. ವಾದ ಗೆದ್ದೆ, ಆದರೆ ತೀರ್ಪು ಕೊಡಬೇಕಾದವರು ನನ್ನ ಕಡೆ ನೋಡಲೂ ಇಲ್ಲ. ಅಷ್ಟರಲ್ಲಿ ಟಿವಿ ಶುರುವಾಯಿತು.

ಮೊದಲ ಮುಕ್ಕಾಲು ಪಾಲು ನಟಿಯ ಪ್ರವೇಶಕ್ಕೇ ಹೋಯಿತು. ಹೊಗೆಯೊಳಗಿಂದ ಬಂದಳು, ಕೂತಳು, ಯಾರೂ ಏನೂ ಹೇಳುವ ಮೊದಲೇ ಕಣ್ಣೊರೆಸಿಕೊಂಡಳು. ಅಳುವುದಕ್ಕೇ ಸಂಬಳ ಇರಬೇಕು. ಆಮೇಲೆ ಅಣ್ಣನ ಪರಿಚಯ. 'ಕಗ್ಗಾಡಿನ ನಡುವಿನ ಕುಗ್ರಾಮ' ಎಂದು ದನಿ, ಹಿಂದೆ ಪಿಟೀಲು, ಪರದೆಯ ಮೇಲೆ ತೆಂಗಿನ ಗರಿಯ ಮುರುಕು ಗುಡಿಸಲು. ಆ ಗುಡಿಸಲನ್ನು ಎಲ್ಲಿಂದ ಹೊತ್ತು ತಂದರೋ! ಚಿಕ್ಕಪ್ಪನ ತಾರಸಿ ಮನೆ, ಎರಡು ಸ್ಕೂಟರು, ಕಾಫಿ ಒಣಗಿಸುವ ಸಿಮೆಂಟಿನ ಕಣ ಯಾವುದೂ ಅವರಿಗೆ ಸಾಲುವಷ್ಟು ಬಡವಾಗಿರಲಿಲ್ಲ.

ಆಮೇಲೆ ಅಣ್ಣ ತಲೆ ತಗ್ಗಿಸಿ ಹೇಳಿದ: "ನಾನು ಹೀಗಂತ ಗೊತ್ತಾದ ದಿನ ನಮ್ಮಪ್ಪ ನನ್ನನ್ನ ಮನೆಯಿಂದ ಹೊರಗೆ ಹಾಕಿದ್ರು."

ಚಿಕ್ಕಮ್ಮನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಹೊರಗೆ ಹಾಕುವುದಿರಲಿ, ಅವನ ಮೊದಲ ಮೇಕಪ್ ಪೆಟ್ಟಿಗೆ ಕೊಂಡುಕೊಟ್ಟವರೇ ಚಿಕ್ಕಪ್ಪ.

"ನೋಡ್ದೇನೋ ಮಾರಾಯ, ಹೆತ್ತಪ್ಪನ್ನೇ ಮಾರ್ಬುಟ್ಟ," ಎಂದರು ಮಾವ. ಸಂತೋಷ ಮುಖದಲ್ಲಿ ಹಿಡಿಸುತ್ತಿರಲಿಲ್ಲ.

ಚಿಕ್ಕಪ್ಪ ಎದ್ದು ನಿಂತರು. ಅಣ್ಣನ ದೀಪಾವಳಿ ಮುಗಿಯಿತೆಂದುಕೊಂಡೆ.

ಅಷ್ಟರಲ್ಲಿ ಅಣ್ಣನ ಕುಣಿತ. ಕೆಂಪು ಸೀರೆ, ಹಿಂದೊಬ್ಬ ನರ್ತಕ. ಅವನು ಸೆರಗು ಹಿಡಿದು ಎಳೆದ, ಅಣ್ಣ ತಿರುಗಿದ, ಕೆಂಪು ಜಾರಿ ಹಸಿರು ಬಂತು. ಇನ್ನೊಂದು ಸುತ್ತಿಗೆ ಅದೂ ಜಾರಿ ಹಳದಿ. ಸ್ಟುಡಿಯೋದ ಜನ ಚೀರಿದರು. ಹೊರಡಲೆಂದು ನಿಂತಿದ್ದ ಚಿಕ್ಕಪ್ಪ ಟಿವಿಯ ಮುಂದಕ್ಕೆ ಹೋಗಿ ನಿಂತರು. ಹಳದಿ ಸೀರೆ ಬಲಸೊಂಟದಲ್ಲಿ ಸಿಕ್ಕಿಕೊಂಡಿತು. ಅಣ್ಣ ಅದನ್ನೇ ಅಭಿನಯ ಮಾಡಿ ತಪ್ಪಿಸಿಕೊಂಡ.

"ಎಳೆಯೋ ನನ್ಮಗಂಗೆ ಎಳೆಯಕ್ಕೇ ಬರಾಕಿಲ್ವಲ್ಲೋ!" ಮಾವ ಕುರ್ಚಿಯ ತುದಿಗೆ ಬಂದಿದ್ದರು. "ಮೊಣಕೈ ಎತ್ತಬೇಕು ಕಣೋ, ಮೊಣಕೈ! ಒನ್ಸ್ ಮೋರ್!"

"ಎಳೆಯೋನ್ ತಪ್ಪಲ್ಲ," ಎಂದರು ಚಿಕ್ಕಪ್ಪ. "ಮೂರನೇದರ ಗಂಟು ಬಲಕ್ಕೈತೆ. ಬಣ್ಣದ ಮನೇಲಿ ನನ್ ಎದುರಿಗೆ ಕೂತು ನೋಡ್ತಿದ್ದ, ಚಿಕ್ಕೋನಿದ್ದಾಗ. ಎದುರಿಂದ ಕಲ್ತವ್ನೆ. ಅದಕ್ಕೇ ಎಲ್ಲಾ ಉಲ್ಟಾ."

ಟಿವಿಯಲ್ಲಿ ನಟಿ, 'ಇದು ಇಂಟರ್‌ನ್ಯಾಷನಲ್ ಲೆವೆಲ್ ಐಡಿಯಾ' ಎಂದು ಮತ್ತೆ ಅತ್ತಳು. ಯಾವ ದೇಶದ್ದೆಂದು ಹೇಳಲಿಲ್ಲ.

ಸಂಚಿಕೆ ಮುಗಿದು ಕಾಫಿ ಲೋಟ ಎತ್ತುವಷ್ಟರಲ್ಲಿ ಆನೆ ಗ್ರೂಪು ಟಣ್ ಎಂದಿತು. ಮಾವ ಅಲ್ಲೇ ಕೂತು ಬರೆದಿದ್ದರು: 'ನಮ್ಮೂರ ಹುಡುಗ, ನಮ್ಮ ಹೆಮ್ಮೆ. ಎಲ್ಲರೂ ವೋಟ್ ಹಾಕಿ.' ಅವರದೇ ಹಳೆಯ ಮಾತನ್ನು ಎತ್ತಿ ಕೆಳಗೆ ಅಂಟಿಸಿದೆ: 'ಇದು ಆನೆ ಗ್ರೂಪ್.' ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದರು. ಈಗ ನಮ್ಮ ತೋಟಕ್ಕೆ ಆನೆ ಬಂದರೆ ನನಗೆ ಆನೆಯೇ ತಿಳಿಸಬೇಕು.

"ಅದ್ ಬಿಡೇ, ಅವನಿಗ್ ಫೋನ್ ಹಾಕು," ಎಂದರು ಚಿಕ್ಕಮ್ಮ. ಹಾಕಿ ಸ್ಪೀಕರ್ ಒತ್ತಿದೆ.

"ಯಾವತ್ತೋ ನಾನ್ ನಿನ್ನ ಹೊರಗ್ ಹಾಕಿದ್ದು?" ಎಂದರು ಚಿಕ್ಕಪ್ಪ.

"ಅಪ್ಪ... ಟಿವಿಯವ್ರೇ ಬರ್ಕೊಟ್ಟಿದ್ದು. ಕಥೆ ಇಲ್ದಿದ್ರೆ ನನ್ನ ಕಟ್ ಮಾಡ್ಬುಡ್ತಾರಂತೆ."

"ಮುಂದಿನ್ ವಾರ ಏನು, ನನ್ನ ಸಾಯಿಸ್ತೀಯಾ?"

ಅಂಥದ್ದೊಂದು ಕಥೆಯನ್ನೂ ಆ ಟಿವಿಯವರು ಆಗಲೇ ಕೇಳಿದ್ದರೋ ಏನೋ, ಅಣ್ಣ ತಡವರಿಸಿದ.

"ಅಪ್ಪ, ಖಂಡಿತ ಹೇಳಲ್ಲ."

"ಹೇಳಿದ್ರೆ ನಿಜವಾಗ್ಲೂ ಹೊರಗ್ ಹಾಕ್ತೀನಿ." ಟಿವಿ ಆರಿಸಿದರು. "ದೀಪಾವಳಿಗೆ ಬರ್ತಾ ಆ ಹಳದಿ ಸೀರೆ ತಗಂಡ್ ಬಾ. ಈ ಸಲ ನನ್ ಪಕ್ಕ ನಿಂತು ಕಲಿ, ಎದುರಿಗಲ್ಲ."

ಚಿಕ್ಕಮ್ಮ ಅಷ್ಟು ಕೇಳಿಸಿಕೊಂಡು ಅಡುಗೆಮನೆಗೆ ಹೋದರು. ಮಾವ ಮಾತ್ರ ಕುರ್ಚಿ ಬಿಡಲಿಲ್ಲ. ಗಂಟಲು ಸರಿಮಾಡಿಕೊಂಡು, "ಹುಡುಗ ಕಲೀವಾಗ ಎಳೆಯಕ್ಕೆ ಒಬ್ರು ಬೇಕಾಗ್ತದಲ್ಲ ಮಾರಾಯ," ಎಂದರು.