ಸಂಡಿಗೆ ಒಣಗಿಸುವ ಜಾಗ

ನಮ್ಮ ಮನೆಯ ಕರೆಂಟ್ ಮೀಟರ್ ನನ್ನ ಹೆಸರಿನಲ್ಲಿದೆ. ಹಾಗಾಗಿ ಸೊಸೆ ವಿದ್ಯುತ್ ಕಂಪನಿಯ ಸೋಲಾರ್ ಯೋಜನೆಗೆ ಅರ್ಜಿ ಹಾಕಲು ಹೊರಟಾಗ ನನ್ನ ರುಜು ಬೇಕಾಯಿತು. ಬಿಸಿಲಿನಿಂದ ಕರೆಂಟ್ ಮಾಡಿಕೊಂಡು, ಮಿಕ್ಕಿದ್ದನ್ನು ಅದೇ ತಂತಿಯಲ್ಲಿ ಕಂಪನಿಗೆ ಕೊಡಬಹುದಂತೆ. ನನಗೆ ಒಪ್ಪಿಗೆಯಿತ್ತು.

ಪ್ಯಾನೆಲ್ ಹಾಕುವವನು ಅರ್ಜಿಯ ಕಾಗದ ಹಿಡಿದು ಅರಸೀಕೆರೆಯಿಂದ ಬಂದು ತಾರಸಿ ನೋಡಿದ. ಮೆಟ್ಟಿಲ ಕೋಣೆಯ ಪಕ್ಕದಲ್ಲೇ ಕೂರಿಸುತ್ತೇನೆ ಎಂದವನು, ಪಡುವಣ ಬದಿಯ ತೆಂಗಿನ ಮರ ತೋರಿಸಿದ.

“ಅಜ್ಜಿ, ಇದರ ನೆರಳು ಬೀಳುತ್ತೆ. ಕಡಿಸಿಬಿಡಿ.”

“ಕಾಯಿ ಬಿಡೋ ತೆಂಗಿಗೆ ನಮ್ಮನೇಲಿ ಯಾರೂ ಕೊಡ್ಲಿ ಹಾಕಲ್ಲ ಕಣಪ್ಪ. ನಿನ್ನ ಕಾಗದ ನೀನೇ ತಗಂಡೋಗು.”

“ಅತ್ತೆ, ಸುಮ್ನಿರಿ. ಅವ್ರು ಹೊಂಟೋಗ್ತಾರೆ,” ಎಂದಳು ಸೊಸೆ.

ನಾನು ಸುಮ್ಮನಿರಲಿಲ್ಲ. ಪ್ರತಿ ಬೇಸಿಗೆಯೂ ಆ ತಾರಸಿಯಲ್ಲಿ ಸಂಡಿಗೆ ಒಣಗಿಸಿದವಳು ನಾನು. ಯಾವ ತಿಂಗಳು ನೆರಳು ಎಲ್ಲಿಗೆ ಬರುತ್ತದೆ ಎಂದು ನನ್ನನ್ನು ಕೇಳಬೇಕು. ಅವನನ್ನು ತೆಂಕಣ ತುದಿಗೆ ಕರೆದುಕೊಂಡು ಹೋಗಿ, ಅಲ್ಲಿ ಹರಡಿದ್ದ ಸಂಡಿಗೆಯ ಬಟ್ಟೆಯನ್ನು ಪಕ್ಕಕ್ಕೆ ಎಳೆದೆ.

“ಇಲ್ಲಿ ಸಂಜೆಗಂಟ ಬಿಸಿಲೈತೆ. ಇಲ್ಲೇ ಕೂರಿಸು.”

ಅವನು ಮೊಬೈಲ್ ಹಿಡಿದು ದಿಕ್ಕು ನೋಡಿದ. “ಸರಿಯಾಗೈತೆ ಅಜ್ಜಿ. ಆದ್ರೆ ತಂತಿ ಉದ್ದ ಎಳೀಬೇಕು.”

“ಎಳಿ. ಕೈಯೇನು ಸವೆದೋಗಲ್ಲ.”

ರುಜು ಹಾಕಿಕೊಟ್ಟೆ. ಪ್ಯಾನೆಲ್‌ಗಳು ಅಲ್ಲೇ ಕೂತವು, ಮರವೂ ಉಳಿಯಿತು. ಸಂಡಿಗೆ ಮಾತ್ರ ಈಗ ಅಂಗಳದಲ್ಲಿ ಒಣಗಬೇಕು. ಎರಡು ದಿನ ಹೆಚ್ಚೇ ಹಿಡಿಯುತ್ತದೆ. ಪಕ್ಕದ ಮನೆಯ ಕೋಳಿಗಳನ್ನು ಓಡಿಸಲು ಸೊಸೆಯ ಕೈಗೇ ಕೋಲು ಕೊಟ್ಟು ಕೂರಿಸಿದ್ದೇನೆ. ಸೋಲಾರ್ ಬೇಕೆಂದವಳು ಅವಳು ತಾನೆ.